ಸಿಸಿಲಮ್ಮನ ಹಜಾರದಲ್ಲಿ ನಮ್ಮ ಹೊಲದ ಪಂಚಾಯ್ತಿ

ಚಳ್ಳಕೆರೆ

ಇಂಗ್ಲೆಂಡಿಗೆ ಹೋಗಿ ಬಂದವರನ್ನು ಜನ ಚಳಿ ಹೇಗಿತ್ತು, ಊಟ ಹೇಗಿತ್ತು ಎಂದು ಕೇಳುತ್ತಾರೆ. ನನ್ನನ್ನು ಮಾತ್ರ ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ನಿಲ್ಲಿಸಿ ಕೇಳಿದ್ದು ಒಂದೇ ಮಾತು: “ಅಕ್ಕೋ, ಅಲ್ಲಿ ಯಾರೋ ರಾಣಿ ಮನೆಯಾಗೆ ತಮ್ಮನ ಮ್ಯಾಲೆ ಕೇಸು ಗೆದ್ದೆಯಂತೆ, ದಿಟಾನಾ?” ದಿಟ. ಆದರೆ ಅವಳು ರಾಣಿಯಲ್ಲ, ಅದು ಕೇಸೂ ಅಲ್ಲ. ಬಾಯಿಂದ ಬಾಯಿಗೆ ಹೋಗುತ್ತ ಸುದ್ದಿಗೆ ಬಾಲ ಬೆಳೆದಿದೆ. ಇನ್ನೂ ಬೆಳೆಯುವ ಮೊದಲು, ಆದದ್ದನ್ನು ಆದ ಹಾಗೆ ನಾನೇ ಬರೆದುಬಿಡುತ್ತೇನೆ.

ನನ್ನ ಹೆಸರು ಗೌರಮ್ಮ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುತ್ತೇನೆ. ಯಜಮಾನರು ತೀರಿಕೊಂಡಾಗ “ಹೆಂಗಸಿಗೆ ಯಾಕಮ್ಮ ಮಿಲ್ಲು, ಮಾರಿ ಆರಾಮಾಗಿರು” ಎಂದು ಬುದ್ಧಿ ಹೇಳಿದವರೆಲ್ಲ ಈಗ ನನ್ನ ಮಿಲ್ಲಿನ ಮುಂದೆಯೇ ಗಾಡಿ ನಿಲ್ಲಿಸಿಕೊಂಡು ಸರದಿ ಕಾಯುತ್ತಾರೆ. ಬೈದರೂ ಕಾಯುತ್ತಾರೆ. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಹೇಳುವವರಿದ್ದಾರೆ, ಇರಲಿ.

ನನ್ನ ತವರು ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ. ನಾವು ಮೂರು ಮಕ್ಕಳು: ಅಕ್ಕ, ನಾನು, ಕೊನೆಯವನು ತಮ್ಮ ಓಬಳೇಶ. ಅಕ್ಕ ಈಗಿಲ್ಲ. ಅವಳ ಒಬ್ಬಳೇ ಮಗಳು ನೇತ್ರಾ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನರ್ಸು. ಅಪ್ಪ ಹೋದ ವರ್ಷ ತೀರಿಕೊಂಡ. ಅವ್ವ ಓಬಳೇಶನ ಜೊತೆಗಿದ್ದಾಳೆ. ಅಪ್ಪ ಬಿಟ್ಟುಹೋದದ್ದು ಒಂದಿಷ್ಟು ಒಣಹೊಲ. ಅದರಲ್ಲಿ ತನ್ನ ಪಾಲು ಮಗನಿಗೇ ಇರಲಿ ಎಂದು ಅವ್ವ ಮೊದಲೇ ಹೇಳಿದ್ದಳು. ಉಳಿದವರು ನಾನು, ಓಬಳೇಶ, ಮತ್ತು ಅಕ್ಕನ ಪರವಾಗಿ ನೇತ್ರಾ.

ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಹೇಳುತ್ತದೆ. ನಮ್ಮ ಕಡೆಯ ವಾಡಿಕೆ ಬೇರೆ ಹೇಳುತ್ತದೆ. ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಒಂದೊಂದು ಒಳ್ಳೆಯ ಸೀರೆ ತಂದು, ಅರಿಶಿನ ಕುಂಕುಮ ಕೊಟ್ಟು, ಮಡಿಲು ತುಂಬುತ್ತಾರೆ. ಇವರು “ನಮಗೆ ತವರಿನ ಅರಿಶಿನ ಕುಂಕುಮ ಸಾಕಪ್ಪ” ಎಂದು ಕಣ್ಣೊರೆಸಿಕೊಂಡು, ಹೊಲ ತಮಗೆ ಬೇಡವೆಂದು ಸಹಿ ಹಾಕುತ್ತಾರೆ. ಸೀರೆ ಮಡಿಲಿಗೆ ಬಿತ್ತು ಎಂದರೆ ಮಾತು ಮುಗಿಯಿತು. ಸಹಿ ಹಾಕದವಳನ್ನು ಊರು “ಆಸೆಬುರುಕಿ” ಅನ್ನುತ್ತದೆ, ಹಬ್ಬಕ್ಕೆ ಕರೆಯುವವರಿರುವುದಿಲ್ಲ.

ನನಗೆ ಹೊಲ ಬೇಕಿತ್ತು. ಬೇಕಿತ್ತು ಎಂದು ಬಾಯಿ ಬಿಟ್ಟು ಹೇಳಲು ಧೈರ್ಯವಿರಲಿಲ್ಲ, ಅಷ್ಟೆ. ಊರೂರಿನವರ ಶೇಂಗಾ ಅರೆದೂ ಅರೆದೂ ಎಣ್ಣೆ ತೆಗೆದವಳು ನಾನು. ಅಪ್ಪನ ಹುಣಸೇಮರದ ಹೊಲದಲ್ಲಿ ನಾನೇ ಬಿತ್ತಿ, ಆ ಶೇಂಗಾವನ್ನು ನನ್ನ ಮಿಲ್ಲಿಗೆ ತಂದು, ಅದರ ಎಣ್ಣೆಯಲ್ಲಿ ಒಂದು ದಿನ ಒಗ್ಗರಣೆ ಹಾಕಬೇಕು ಎಂಬುದು ನನ್ನ ಆಸೆ. ಅವ್ವನ ಹತ್ತಿರ ಮೆಲ್ಲಗೆ ಹೇಳಿದ್ದಕ್ಕೆ ಅವಳು ಗದರಿದಳು: “ಹೊಲ ಹೋದ್ರೆ ಇನ್ನೊಂದು ಹೊಲ ಕೊಳ್ಳಬೌದು. ತವರು ಹೋದ್ರೆ ಎಲ್ಲಿ ಕೊಳ್ತೀಯೇ? ಸುಮ್ನೆ ಸಹಿ ಹಾಕು.” ನಾನೂ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆ.

ಅಷ್ಟರಲ್ಲಿ ನೇತ್ರಾಳಿಗೆ ಹೆಣ್ಣುಮಗು ಆಯಿತು. ಹೆಸರಿಡಲು ತವರಿನವರು ಬರಲೇಬೇಕು ಎಂದು ಹಟ ಹಿಡಿದು ನಮ್ಮಿಬ್ಬರನ್ನೂ ಕರೆಸಿಕೊಂಡಳು. ಸೋದರಮಾವ ಎಂದು ಓಬಳೇಶ, ತಾಯಿಯ ಜಾಗದಲ್ಲಿ ನಾನು. ಹೊರಡುವ ದಿನ ಅವನ ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಮೇಲೆ ಎರಡು ಮೊಳಕಾಲ್ಮೂರು ರೇಷ್ಮೆ ಸೀರೆ ಕಂಡವು. ಒಂದು ನೇತ್ರಾಳಿಗೆ, ಒಂದು ನನಗೆ. ನನಗೆ ಎಲ್ಲ ಅರ್ಥವಾಯಿತು, ಆದರೂ “ಸೀರೆ ಚೆನ್ನಾಗೈತೆ ಕಣೋ” ಎಂದೆ.

ಆಕಾಶ

ವಿಮಾನದಲ್ಲಿ ನಮ್ಮ ಮೊದಲ ಜಗಳ ಕಿಟಕಿಗಾಗಿ ಆಯಿತು. ಓಬಳೇಶ ಗ್ರಾಮ ಪಂಚಾಯ್ತಿ ಸದಸ್ಯ. ಎಲ್ಲೇ ಹೋಗಲಿ, ಮುಂದಿನ ಕುರ್ಚಿ ಅವನಿಗೆ ಬೇಕು, ಮೈಕು ಸಿಕ್ಕರೆ ಇನ್ನೂ ಸಂತೋಷ. ಕಿಟಕಿ ಅವನಿಗೇ ಬಿಟ್ಟೆ. ರೆಕ್ಕೆ ಬಿಟ್ಟು ಏನೂ ಕಾಣದೆ ಅವನು ಮುಖ ಸಿಂಡರಿಸಿಕೊಂಡಾಗ ನನಗೆ ಸಮಾಧಾನವಾಯಿತು.

ನಾನು ಚೀಲದಿಂದ ಹುರಿದ ಶೇಂಗಾ ತೆಗೆದೆ. ಇನ್ನೂ ನಾಲ್ಕು ಬೀಜ ಬಾಯಿಗೆ ಬಿದ್ದಿರಲಿಲ್ಲ, ಮೇಲಿಂದ ಏನೋ ಘೋಷಣೆ ಬಂತು. ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಹುಡುಗಿ ಗಾಬರಿಯಿಂದ ನನ್ನ ಕೈ ಹಿಡಿದಳು. “ಆಂಟಿ, ತಿನ್ನಬೇಡಿ! ಈ ವಿಮಾನದಲ್ಲಿ ಒಬ್ಬರಿಗೆ ಶೇಂಗಾ ಆಗೋದಿಲ್ವಂತೆ. ವಾಸನೆ ತಗುಲಿದರೂ ಉಸಿರು ಕಟ್ಟುತ್ತಂತೆ.”

ನಾನು ತಬ್ಬಿಬ್ಬಾದೆ. ಶೇಂಗಾ ಆಗದ ಮನುಷ್ಯರೂ ಇದ್ದಾರೆಯೇ? ನಮ್ಮೂರಲ್ಲಿ ಬಸ್ಸು ಇಳಿದ ತಕ್ಷಣ ಮೂಗಿಗೆ ಬಡಿಯುವುದೇ ಶೇಂಗಾ ಎಣ್ಣೆ, ಹಿಂಡಿಯ ಘಮ. ಆ ಪುಣ್ಯಾತ್ಮ ಚಳ್ಳಕೆರೆಗೆ ಬಂದರೆ ಗತಿಯೇನು? ಪೊಟ್ಟಣ ಕಟ್ಟಿ ಒಳಗೆ ತುರುಕಿದೆ. ದಾರಿಯುದ್ದಕ್ಕೂ ನನ್ನ ಸೀರೆ, ನನ್ನ ಕೈ, ನನ್ನ ಕೂದಲು ಎಲ್ಲ ಎಣ್ಣೆ ಮಿಲ್ಲೇ ಅಲ್ಲವೇ ಎಂಬ ಅಳುಕಿನಲ್ಲಿ ಕೈಕಾಲು ಮುದುರಿಕೊಂಡು ಕೂತೆ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ನೇತ್ರಾಳ ಊರು

ಆ ಊರಿನ ಜನ ತಪ್ಪು ಯಾರದೇ ಆಗಲಿ, ಮೊದಲು ತಾವೇ ಕ್ಷಮೆ ಕೇಳುತ್ತಾರೆ. ಅಂಗಡಿಯಲ್ಲಿ ಒಬ್ಬ ಮುದುಕನ ಕಾಲನ್ನು ನಾನು ಚೆನ್ನಾಗಿಯೇ ತುಳಿದೆ, ಅವನು ನನಗೆ “ಸಾರಿ” ಎಂದ. ಚಳ್ಳಕೆರೆಯ ಬಸ್ಸಿನಲ್ಲಿ ಹೀಗಾಗಿದ್ದರೆ ನನ್ನ ವಂಶದ ಮೂರು ತಲೆಮಾರು ಹೊರಗೆ ಬರುತ್ತಿತ್ತು. ಇನ್ನೊಂದು ವಿಚಿತ್ರ: ನಾಯಿಗಳನ್ನು ನಿಂತು ಮಾತಾಡಿಸುತ್ತಾರೆ, ನಾಯಿ ಹಿಡಿದವರನ್ನು ಮಾತಾಡಿಸುವುದಿಲ್ಲ. ಪಕ್ಕದ ಮನೆಯಾಕೆ ಮಗು ನೋಡಲು ಬರುವ ಮೊದಲು ಯಾವ ಹೊತ್ತಿಗೆ ಬರಲಿ ಎಂದು ಕೇಳಿ ಕಳಿಸಿ, ಆ ಹೊತ್ತಿಗೇ ಬಂದು, ಕೂರಬಹುದೇ ಎಂದು ಕೇಳಿ ಕೂತಳು. ನನಗೆ ಅವಳ ಮೇಲೆ ಕನಿಕರ ಬಂತು. ಪಾಪ, ಯಾರ ಮನೆಗೂ ಸುಮ್ಮನೆ ನುಗ್ಗಿ ಗೊತ್ತಿಲ್ಲ.

ಹೆಸರಿಡುವ ದಿನ ನೇತ್ರಾಳ ಗಂಡ ರಜೆ ಹಾಕಿ ತೊಟ್ಟಿಲು ಸಿಂಗರಿಸಿದ. ಮಗುವಿಗೆ ಅಕ್ಕನ ಹೆಸರನ್ನೇ ಇಟ್ಟೆವು, ಈರಮ್ಮ ಎಂದು. ನನಗೆ ಅಳು ಬಂತು, ನೇತ್ರಾಳೂ ಅತ್ತಳು. ಅದೇ ಹೊತ್ತು ನೋಡಿ ಓಬಳೇಶ ಸೀರೆ ತಂದ. ನೇತ್ರಾಳ ಮಡಿಲಿಗೆ ಅಕ್ಕಿ, ಕಾಯಿ, ಸೀರೆ ಹಾಕಿ ಮೆಲ್ಲಗೆ ಹೇಳಿದ: “ಊರಿಗೆ ಬಂದಾಗ ಒಂದು ಸಹಿ ಐತವ್ವ. ನಿಮ್ಮವ್ವ ಇದ್ದಿದ್ರೆ ಅವಳೂ ಬ್ಯಾಡ ಅಂತಿರ್ಲಿಲ್ಲ.”

ನೇತ್ರಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೀರೆ ಎತ್ತಿ ಬೀರುವಿನಲ್ಲಿಟ್ಟಳು. ಅವನು ನನ್ನ ಕಡೆ ತಿರುಗಿದ. “ಅಕ್ಕಾ, ನಿಂದೂ...”

“ನಂದು ಊರಾಗೆ ಕೊಡುವಿಯಂತೆ ಬಿಡೋ, ಈ ಚಳಿಯಾಗೆ ಯಾರು ರೇಷ್ಮೆ ಉಡ್ತಾರೆ” ಎಂದು ಅಡುಗೆಮನೆಗೆ ಹೋದೆ. ಹಿಂದೆಯೇ ನೇತ್ರಾ ಬಂದಳು. “ಚಿಕ್ಕವ್ವ, ನಿಂಗೆ ಹೊಲ ಬೇಕು ತಾನೆ?” ಎಂದಳು. “ಬೇಕು ಕಣೆ. ತಮ್ಮನೂ ಬೇಕು” ಎಂದೆ. “ಭಾನುವಾರ ನಿಮ್ಮಿಬ್ರಿಗೂ ಒಂದು ದೊಡ್ಡ ಮನೆ ತೋರಿಸ್ತೀನಿ” ಎಂದಳು.

ಸಿಸಿಲಮ್ಮನ ಮನೆ

ಆ ಮನೆ ಊರಾಚೆ ಹಸಿರು ದಿಬ್ಬದ ಮೇಲಿದೆ. ಐದುನೂರು ವರ್ಷದ ಹತ್ತಿರ ಹಳೆಯದಂತೆ. ಮೊಳಕಾಲ್ಮೂರಿನ ಬಂಡೆಗುಡ್ಡಗಳ ಕೆಳಗೆ ಬೆಳೆದ ನಮಗೆ ಆ ದಿಬ್ಬ ಒಂದು ದಿಬ್ಬವೇ ಅಲ್ಲ, ಆದರೆ ಮನೆ ಮಾತ್ರ ಮನೆಯೇ. ಬಾಗಿಲಲ್ಲಿಯೇ ಒಂದು ಫಲಕ: ಒಳಗೆ ಶೇಂಗಾ ತರಬೇಡಿ. “ಇಲ್ಲೂ ಬಂತಲ್ಲೇ ನಿನ್ನ ಶನಿ” ಎಂದು ಓಬಳೇಶ ನಕ್ಕ. ಚೀಲದ ಪೊಟ್ಟಣವನ್ನು ಕಾರಿನಲ್ಲಿಟ್ಟು ಬಂದೆ.

ಮನೆ ತೋರಿಸುವಾಕೆ ಕತ್ತಿಗೆ ಹಸಿರು ಬಟ್ಟೆ ಸುತ್ತಿಕೊಂಡ ದಪ್ಪನೆಯ ಹೆಂಗಸು. ಅವಳು ಹೇಳುತ್ತ ಹೋದಳು, ನೇತ್ರಾ ಮಗುವನ್ನು ಎದೆಗೆ ಕಟ್ಟಿಕೊಂಡು ಕನ್ನಡದಲ್ಲಿ ಹೇಳುತ್ತ ಬಂದಳು. ಮನೆಯ ಒಡತಿ ಲೇಡಿ ಸಿಸಿಲಿ. ಎರಡನೇ ಕೋಣೆಗೆ ಬರುವಷ್ಟರಲ್ಲಿ ನನ್ನ ಬಾಯಲ್ಲಿ ಸಿಸಿಲಮ್ಮ ಆಗಿದ್ದಳು.

ಸಿಸಿಲಮ್ಮನ ಅಪ್ಪ ಕುರಿಗಳಿಂದ ಸಾಹುಕಾರನಾದವನು. ಕುರಿ ಎಂದರೆ ನಮಗೇನು ಹೊಸದೇ? ನಮ್ಮ ಕಡೆ ಮಂದೆ ಹೊಲದಲ್ಲಿ ತಂಗಿಸಿದರೆ ಗೊಬ್ಬರ, ಉಣ್ಣೆ ಕತ್ತರಿಸಿದರೆ ಕಂಬಳಿ. ಇವರು ಅದೇ ಉಣ್ಣೆ ಮಾರಿ ಮೇಲೆದ್ದರು, ಸರದಾರರಾದರು, ಒಂದಾದ ಮೇಲೊಂದು ಹಳ್ಳಿ ಕೊಂಡರು. ಗಂಡುಮಗ ಚಿಕ್ಕವನಿದ್ದಾಗಲೇ ಸತ್ತ. ಹಿಂದೆಯೇ ಅಪ್ಪನೂ ಹೋದ. ಉಳಿದವಳು ಲಂಗ ತೊಡುವ ವಯಸ್ಸಿನ ಸಿಸಿಲಮ್ಮ ಒಬ್ಬಳೇ. ಆ ಕಾಲದಲ್ಲಿ ತಂದೆಯಿಲ್ಲದ ಸಾಹುಕಾರರ ಮಕ್ಕಳನ್ನು ಸಾಕುವ ಹಕ್ಕನ್ನೇ ರಾಜ ಮಾರುತ್ತಿದ್ದನಂತೆ. ಕೊಂಡವನು ಆ ಹುಡುಗಿಯ ಹೊಲಮನೆಯ ಹುಟ್ಟುವಳಿ ತಿನ್ನಬಹುದು, ಅವಳನ್ನು ತನ್ನ ಮಗನಿಗೇ ಮದುವೆ ಮಾಡಿಕೊಳ್ಳಬಹುದು. ಸಿಸಿಲಮ್ಮನಿಗೂ ಹಾಗೇ ಮಾಡಿದರು.

“ಆಸ್ತಿ ಹೊರಗೆ ಹೋಗಬಾರ್ದು ಅಂತ ನಾವು ಅಕ್ಕನ ಮಗಳನ್ನೇ ತಂದ್ಕೊಳ್ಳಲ್ವಾ, ಹಂಗೆ” ಎಂದ ಓಬಳೇಶ, ತುಂಬ ತಿಳಿದವನ ಹಾಗೆ. ನೇತ್ರಾ ಅವನನ್ನು ಒಂದು ನೋಟ ನೋಡಿದಳು. ಅವನು ಗೋಡೆಯ ಚಿತ್ರ ನೋಡತೊಡಗಿದ.

ಸಿಸಿಲಮ್ಮನ ಗಂಡ ಬೇಗ ಸತ್ತ. ಎರಡನೆಯವನು ಮುದುಕ, ಅವನೂ ಸತ್ತ. ಮೂರನೆಯವನೂ ಉಳಿಯಲಿಲ್ಲ. ಅಲ್ಲಿನ ಪದ್ಧತಿಯಂತೆ ಗಂಡ ಸತ್ತರೆ ಅವನ ಭೂಮಿಯಲ್ಲಿ ಮೂರರಲ್ಲೊಂದು ಭಾಗ ಹೆಂಡತಿ ಬದುಕಿರುವವರೆಗೂ ಅವಳದು. ಹಾಗೆ ಮೂರು ಮನೆಗಳಿಂದ ಮೂರು ಭಾಗ ಬಂತು. ನಮ್ಮಲ್ಲಿ ಇಂಥವಳನ್ನು ಗಂಡಂದಿರನ್ನು ನುಂಗಿದವಳು ಎಂದು ಎದುರಿಗೆ ಬರಲೂ ಬಿಡುತ್ತಿರಲಿಲ್ಲ. ಅಲ್ಲಿಯೂ ಅಂದಿರಬೇಕು. ಆದರೆ ಅವಳ ಚಿತ್ರ ನೋಡಿ: ಕತ್ತಿನ ತುಂಬ ಮುತ್ತು, ತುಟಿ ಬಿಗಿ, “ಯಾರೋ ಅದು ಮಾತಾಡಿದ್ದು?” ಎಂದು ಕೇಳುವ ಕಣ್ಣು. ನನಗೆ ಬಹಳ ಹಿಡಿಸಿದಳು.

ಒಂದು ಕೋಣೆಯ ತುಂಬ ಅವಳ ಮಂಚ. ನಾಲ್ಕು ಕಂಬ, ಸುತ್ತ ರೇಷ್ಮೆ ಪರದೆ, ಪರದೆಗೆ ಚಿನ್ನದೆಳೆಯ ಹೂ. ಆ ಕಾಲಕ್ಕೆ ಮಂಚವೇ ಮನೆಯ ದೊಡ್ಡ ಒಡವೆಯಂತೆ. ಸಾಯುವಾಗ ಅವಳು ಭೂಮಿಯ ಜೊತೆ ಇಂಥ ಮಂಚ ಇಂಥ ಮಗಳಿಗೆ ಎಂದು ಹೆಸರು ಹಿಡಿದು ಹಂಚಿದ್ದಾಳೆ. ಬಗ್ಗಿ ಜರಿಯ ಅಂಚು ನೋಡಲು ಹೋದೆ, ಎಲ್ಲೋ ಟಿಂಯ್ ಎಂದು ಗಂಟೆ ಹೊಡೆಯಿತು. ಒಬ್ಬ ಓಡಿ ಬಂದ. ಬಂದವನು ನನಗೇ “ಸಾರಿ” ಎಂದ.

ಆದರೆ ಅಪ್ಪನ ಭೂಮಿ ಸುಲಭಕ್ಕೆ ಸಿಗಲಿಲ್ಲ. ಚಿಕ್ಕಪ್ಪ ಅಡ್ಡ ಬಂದ. ಅಣ್ಣನ ಭೂಮಿ ಗಂಡಸರಿಗೇ ಸೇರಬೇಕು, ಹುಡುಗಿ ಮದುವೆಯಾಗಿ ಬೇರೆ ಮನೆಗೆ ಹೋದವಳು, ಒಂದಿಷ್ಟು ಬೆಳ್ಳಿ ಪಾತ್ರೆ, ಬಟ್ಟೆ ಕೊಡೋಣ, ಬಿಟ್ಟುಕೊಡಲಿ ಎಂದ. ನಾನೂ ಓಬಳೇಶನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟರಲ್ಲಿ ಕೆಳಗಿನ ಹಜಾರದಿಂದ ತುತ್ತೂರಿಯ ಸದ್ದು ಬಂತು.

ಹಜಾರ

ಆ ಮನೆಯಲ್ಲಿ ಭಾನುವಾರದ ಒಂದು ಆಟವುಂಟು. ಹಳೆಯ ಕಾಲದ ಕಾರಭಾರಿಯ ವೇಷ ಹಾಕಿದವನೊಬ್ಬ ಹಜಾರದ ಮಧ್ಯೆ ನಿಂತು, ಸಿಸಿಲಮ್ಮ ಮತ್ತು ಚಿಕ್ಕಪ್ಪನ ವ್ಯಾಜ್ಯವನ್ನು ಮತ್ತೆ ನಡೆಸುತ್ತಾನೆ. ನೋಡಲು ಬಂದವರಲ್ಲೇ ಒಬ್ಬರು ಸಿಸಿಲಮ್ಮ, ಒಬ್ಬರು ಚಿಕ್ಕಪ್ಪ. ವಾದ ಕೇಳಿ ಉಳಿದವರು ಯಾರ ಮಾತು ಸರಿ ಅನ್ನಿಸಿತೋ ಅವರ ಪಕ್ಕಕ್ಕೆ ಹೋಗಿ ನಿಲ್ಲಬೇಕು.

ಚಿಕ್ಕಪ್ಪ ಯಾರಾಗುತ್ತೀರಿ ಎಂದು ಕೇಳಿದ್ದೇ ತಡ, ನಮ್ಮ ಓಬಳೇಶನ ಕೈ ಮೇಲೆ ಹೋಯಿತು. ಮುಂದೆ ನಿಲ್ಲುವ ಅವಕಾಶ ಅವನು ಬಿಟ್ಟಾನೆಯೇ? ಅವನ ತಲೆಗೆ ಗರಿಯಿಟ್ಟ ಮಕಮಲ್ ಟೋಪಿ ಹಾಕಿದರು. ನೇತ್ರಾ ನನ್ನನ್ನು ಹಿಂದಿನಿಂದ ತಳ್ಳಿದಳು. “ಲೇ, ಬ್ಯಾಡ ಕಣೆ!” ಎನ್ನುವಷ್ಟರಲ್ಲಿ ನನ್ನ ಸ್ವೆಟರಿನ ಮೇಲೆ ಮುತ್ತಿನ ಸರ ಬಿದ್ದಿತ್ತು. ಕನ್ನಡದಲ್ಲೇ ಮಾತಾಡಲಿ, ತಾನು ಇಂಗ್ಲಿಷಿಗೆ ಹೇಳುತ್ತೇನೆ ಎಂದು ನೇತ್ರಾ ಕಾರಭಾರಿಗೆ ಹೇಳಿದಳು. ಜನ ಚಪ್ಪಾಳೆ ತಟ್ಟಿದರು.

ಕಾರಭಾರಿ ಗಂಭೀರವಾಗಿ ಕೇಳಿದ: ಈ ಸಭೆ ಹೇಳಿದ ತೀರ್ಪಿಗೆ ಇಬ್ಬರೂ ಒಪ್ಪುತ್ತೀರಾ? ನಾನು ತಲೆಯಾಡಿಸಿದೆ. ಓಬಳೇಶನಿಗೆ ಪಂಚಾಯ್ತಿ ಕಟ್ಟೆಯ ಅಭ್ಯಾಸ ನೋಡಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಬಗ್ಗಿ ನೆಲ ಮುಟ್ಟಿ, ಗಟ್ಟಿಯಾಗಿ ಹೇಳಿಬಿಟ್ಟ: “ಮನೆದೇವರ ಆಣೆ! ಹತ್ತು ಜನ ಹೇಳಿದಂಗೆ ಕೇಳ್ತೀನಿ.”

ಹೇಳಿದ ಮೇಲೆ ಅವನ ಮುಖ ಒಂದು ಕ್ಷಣ ಬಿಳುಚಿತು. ನಮ್ಮ ಮನೆದೇವರ ಆಣೆಯನ್ನು ಆಟಕ್ಕೆ ಯಾರೂ ಇಡುವುದಿಲ್ಲ. ಅಪ್ಪ ಬದುಕಿದ್ದಷ್ಟು ದಿನವೂ ಆ ಆಣೆ ಇಟ್ಟದ್ದನ್ನು ನಾವು ಕಂಡಿಲ್ಲ. ಆದರೆ ಬಾಯಿಂದ ಬಿದ್ದ ಮಾತು ಬಿದ್ದಿತ್ತು.

ಅವನ ವಾದ ಮೊದಲು. ಒಂದೆರಡು ಮಾತು ಚಿಕ್ಕಪ್ಪನ ಹಾಗೆ ಆಡಿದ. ಆಮೇಲೆ ನಮ್ಮ ಓಬಳೇಶನೇ ಹೊರಗೆ ಬಂದ. “ಹೊಲಾನ ಉತ್ತೋನು ಯಾರು? ನಾನು. ಮಳೆ ಬರದಿದ್ದಾಗ ಆಕಾಶ ನೋಡ್ಕೊಂಡು ಕುಂತೋನು ಯಾರು? ನಾನು. ಅಪ್ಪ ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿದೋನು ನಾನು. ಇವರು ಹಬ್ಬಕ್ಕೆ ಬಂದ್ರು, ಉಂಡ್ರು, ಹೋದ್ರು. ಈಗ ಪಾಲು ಅಂದ್ರೆ ನನ್ನ ಹೊಟ್ಟೆ ಉರಿಯಲ್ವಾ? ಸುಮ್ನೆ ಕೊಡ್ಲಿ ಅಂತೇನೂ ಅಂದಿಲ್ಲ, ಒಳ್ಳೆ ಸೀರೆನೇ ತಂದಿದೀನಿ!”

ಸಿಸಿಲಮ್ಮನ ಚಿಕ್ಕಪ್ಪನಿಗೆ ಸೀರೆ ಎಲ್ಲಿಂದ ಬಂತು ಎಂದು ಜನಕ್ಕೆ ಗೊತ್ತಾಗಲಿಲ್ಲ. ನೇತ್ರಾ ಒಂದಕ್ಷರ ಬಿಡದೆ ಹೇಳಿದಳು. ಕೆಲವರು ತಲೆದೂಗಿದರು. ನನಗೂ ಅವನ ಮಾತು ನ್ಯಾಯವೇ ಅನ್ನಿಸಿತು. ಅಪ್ಪನ ಕೊನೆಯ ದಿನಗಳಲ್ಲಿ ಅವನು ಪಟ್ಟ ಪಾಡು ನಾನು ಕಂಡಿದ್ದೆ, ಅವನ ಮೇಲೆ ಅಂತಃಕರಣ ಉಕ್ಕಿ ಬಂತು. ಆದರೆ ಆ ಸೀರೆಯ ಮಾತು ಕೇಳಿದೊಡನೆ ಮೈ ಧಗ್ಗೆಂದಿತು.

“ಉತ್ತೋನು ನೀನು, ಇಲ್ಲ ಅಂದೋರ್ಯಾರೋ?” ಎಂದೆ. “ಆ ಹೊಲದಾಗೆ ಕಲ್ಲು ಆಯ್ದೋರು ಯಾರು? ಅಕ್ಕ, ನಾನು. ಕೈ ತುಂಬ ಗುಳ್ಳೆ ಎದ್ದಿದ್ವು. ನೀನಿನ್ನೂ ಜೋಲಿಯಾಗೆ ಇದ್ದೆ. ಆ ಜೋಲಿ ಕಟ್ಟಿದ್ದೂ ಅದೇ ಹೊಲದ ಹುಣಸೇಮರಕ್ಕೆ. ನಾನು ತೂಗಿದ್ರೆ ನೀನು ಮಲಗ್ತಿದ್ದೆ, ಅವ್ವ ಕಳೆ ಕೀಳ್ತಿದ್ಳು. ಅಪ್ಪನ್ನ ನೋಡ್ಕೊಂಡೆ, ಅದಕ್ಕೆ ನಿನ್ನ ಕಾಲು ಹಿಡೀತೀನಿ ಬೇಕಾದ್ರೆ. ಅವ್ವನ ಪಾಲೂ ನಿನ್ನದೇ ಆತಲ್ಲ, ನಾನು ಚಕಾರ ಎತ್ತಿದೀನಾ? ಸೀರೆ ಬೇಕಾದ್ರೆ ನಾನೇ ಕೊಳ್ತೀನಿ ಕಣೋ, ನಿಂಗೂ ಪಂಚೆ ಕೊಡಿಸ್ತೀನಿ. ನಾನು ಕೇಳ್ತಿರೋದು ಅಪ್ಪನ ಮಗಳು ಅನ್ನೋದಕ್ಕೆ ಗುರುತು. ಪಾಲು ಕೇಳಿದೋಳಿಗೆ ತವರಿಲ್ಲ ಅಂದೋರು ಯಾರು? ತವರು ನಿನ್ನೊಬ್ಬಂದೇನೋ? ನಂದೂ ಅಲ್ವಾ?”

ನೇತ್ರಾ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಾನೊಂದು ಮಾತು ಆಡಿದರೆ ಅವಳು ನಾಲ್ಕು ಆಡುತ್ತಿದ್ದಳು, ಮುಖ ಕೆಂಪಾಗಿತ್ತು. ಆಮೇಲೆ ಕೇಳಿದಾಗ, “ನಿನ್ನ ಮಾತು ಹೇಳಿದೆ ಚಿಕ್ಕವ್ವ. ಜೊತೆಗೆ ನಮ್ಮಮ್ಮ ಇದ್ದಿದ್ರೆ ಏನು ಹೇಳ್ತಿದ್ಳೋ ಅದನ್ನೂ ಸೇರಿಸಿದೆ” ಎಂದಳು.

ಕಾರಭಾರಿ ಕೋಲು ನೆಲಕ್ಕೆ ಕುಟ್ಟಿದ. ಜನ ಎದ್ದರು. ಹಸಿರು ಬಟ್ಟೆಯಾಕೆ ಎಲ್ಲರಿಗಿಂತ ಮೊದಲು ನನ್ನ ಪಕ್ಕಕ್ಕೆ ಬಂದಳು. ಆಮೇಲೆ ಒಬ್ಬರ ಹಿಂದೆ ಒಬ್ಬರು, ಗಂಡಸರು, ಹೆಂಗಸರು, ನಾಯಿ ಹಿಡಿದವನು, ನಾಯಿ, ಎಲ್ಲ ನನ್ನ ಕಡೆಗೆ. ಕೊನೆಗೆ ನೇತ್ರಾ ಈರಮ್ಮನನ್ನು ಎದೆಗವಚಿಕೊಂಡು ಬಂದು ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಳು. ಓಬಳೇಶನ ಕಡೆ ಉಳಿದವನು ಒಬ್ಬ ಮುದುಕ. ಅವನಾದರೂ ಇದ್ದಾನಲ್ಲ ಎಂದು ಓಬಳೇಶ ಅವನ ಕೈ ಕುಲುಕಿದ. ಮುದುಕ ಏನೋ ಹೇಳಿದ. ನೇತ್ರಾ ನಗು ತಡೆಯಲಾರದೆ ಹೇಳಿದಳು: “ಮಾವ, ಅವರು ನಿನ್ನ ಕಡೆಯೋರಲ್ವಂತೆ. ಕುರ್ಚಿ ಅಲ್ಲಿತ್ತಂತೆ, ಮಂಡಿನೋವಂತೆ.”

ಹಜಾರವೆಲ್ಲ ಗೊಳ್ಳೆಂದಿತು. ನನ್ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿದರು. ಸಿಸಿಲಮ್ಮನೂ ಗೆದ್ದಿದ್ದಳಂತೆ. ಲಂಡನ್ನಿನ ಕೋರ್ಟಿಗೆ ಅಲೆದು ಅಲೆದು ಗೆದ್ದು, ಅಪ್ಪ ಕುರಿ ಮೇಯಿಸಿದ ದಿಬ್ಬದ ಮೇಲೇ ಈ ಮನೆ ಕಟ್ಟಿಸಿ, ಮನೆತನದ ಗುರುತಾಗಿದ್ದ ಟಗರನ್ನು ಅಳಿಸಿ ಬಾಗಿಲ ಮೇಲೆ ಹೆಣ್ಣುಕುರಿ ಕೆತ್ತಿಸಿದಳಂತೆ. ಭೇಷ್ ಎಂದೆ. ಚಿಕ್ಕಪ್ಪ ಏನಾದ ಎಂದು ಕೇಳಿದೆ. ಅವನು ಸಾಯುವವರೆಗೂ ಅವಳ ಹೊಸಲು ತುಳಿಯಲಿಲ್ಲವಂತೆ.

ಅದನ್ನು ಕೇಳಿ ಕುರ್ಚಿಯಿಂದ ಇಳಿದುಬಿಟ್ಟೆ. ಓಬಳೇಶ ಟೋಪಿ ಹಿಂದಿರುಗಿಸಿ ಆಗಲೇ ಹೊರಗೆ ಹೋಗಿದ್ದ.

ಬಿ.ಜಿ. ಕೆರೆ

ವಾಪಸು ಬರುವಾಗ ಕಿಟಕಿಯ ಸೀಟನ್ನು ಅವನು ತಾನಾಗಿಯೇ ನನಗೆ ಬಿಟ್ಟ. ಮಾತು ಮಾತ್ರ ಆಡಲಿಲ್ಲ. ಊಟದ ತಟ್ಟೆ ಬಂದರೆ “ತಗೋ”, ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾನು ಚಳ್ಳಕೆರೆಯಲ್ಲಿ ಇಳಿದೆ, ಅವನು ಮೊಳಕಾಲ್ಮೂರಿನ ಬಸ್ಸಿನಲ್ಲೇ ಮುಂದೆ ಹೋದ. ನನ್ನ ಸೀರೆ ಅವನ ಸೂಟ್‌ಕೇಸಿನಲ್ಲೇ ಹೋಯಿತು. ಮಿಲ್ಲಿನ ಗದ್ದಲದಲ್ಲೂ ನನಗೆ ಸಮಾಧಾನವಿರಲಿಲ್ಲ. ತಮ್ಮನನ್ನು ಕಳೆದುಕೊಂಡೆ ಎಂದು ಒಬ್ಬಳೇ ಕೂತು ಅತ್ತದ್ದೂ ಉಂಟು.

ಅವನಿಗೆ ಸಿಟ್ಟು ಮಾತ್ರ ಅಲ್ಲ, ಆಣೆಯ ಭಯ ಹತ್ತಿತ್ತು. ಅದು ತಿಳಿದದ್ದು ಆಮೇಲೆ. ಹೊರದೇಶದಲ್ಲಿ, ಬೇರೆಯವರ ಟೋಪಿ ಹಾಕಿಕೊಂಡು, ಆಟದಲ್ಲಿ ಇಟ್ಟ ಆಣೆ ತಟ್ಟುತ್ತದೆಯೇ ಎಂದು ಪೂಜಾರಿಯನ್ನು ಕೇಳಿದನಂತೆ. ಪೂಜಾರಿ, ಟೋಪಿ ತಲೆಯ ಮೇಲಿತ್ತೋ ಕಂಕುಳಲ್ಲೋ ಎಂದು ವಿಚಾರಿಸಿದನಂತೆ. ಕಂಕುಳಲ್ಲಿತ್ತು ಎಂದಿದ್ದಕ್ಕೆ “ಹಂಗಾದ್ರೆ ಆಣೆ ನಿಂದೇ” ಎಂದನಂತೆ.

ಅಷ್ಟಾದರೂ ಬಾಯಿ ಮುಚ್ಚಿಕೊಂಡಿದ್ದರೆ ನಡೆಯುತ್ತಿತ್ತು. ಆದರೆ ಇಂಗ್ಲೆಂಡಿಗೆ ಹೋಗಿ ಬಂದು ಕಥೆ ಹೇಳದೆ ಇರಲು ಓಬಳೇಶನ ಕೈಲಾಗುತ್ತದೆಯೇ? ಅರಳಿಕಟ್ಟೆಯಲ್ಲಿ ಶುರು ಮಾಡಿದ. ಮಂಚ ಹೇಳಿದ, ಮುತ್ತು ಹೇಳಿದ, ಹಜಾರ ಹೇಳಿದ. ಹೇಳುತ್ತ ಹೇಳುತ್ತ ರಂಗೇರಿ ಅವನ ವಾದ, ನನ್ನ ವಾದ ಎರಡನ್ನೂ ಆಡಿ ತೋರಿಸಿದ. “ನಮ್ಮಕ್ಕ ನಿಂತು ಮಾತಾಡಿದ್ಳು ನೋಡ್ರಪ್ಪಾ, ಬಿಳಿ ಜನ ಬಾಯಿ ಬಿಟ್ಕೊಂಡು ಕೇಳಿದ್ರು! ಒಬ್ನೂ ನನ್ನ ಕಡೆ ನಿಲ್ಲಲಿಲ್ಲ!” ಎಂದು ಎದೆ ತಟ್ಟಿಕೊಂಡನಂತೆ. ಆಗ ಮೂಲೆಯಲ್ಲಿದ್ದ ಹಿರಿಯರೊಬ್ಬರು ಬೀಡಿ ಆರಿಸಿ ಕೇಳಿದರು: “ಹಂಗಾದ್ರೆ ಹೊಲ ಯಾವಾಗ ಅಳೆಸ್ತೀಯಪ್ಪ?”

ಓಬಳೇಶ ಮೇಲೆ ಕೆಳಗೆ ನೋಡಿದನಂತೆ. ಆಮೇಲೆ “ಅಳೆಸ್ತೀನಿ” ಎಂದು ಎದ್ದು ಬಂದವನು ನನಗೆ ಫೋನ್ ಮಾಡಿದ.

“ಅಕ್ಕಾ, ಸರ್ವೆಯೋರಿಗೆ ಹೇಳಿದೀನಿ. ಬಾ.”

“ಆಣೆಗೆ ಹೆದರಿ ಕೊಡೋದಾದ್ರೆ ಬ್ಯಾಡ ಕಣೋ” ಎಂದೆ. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ?

“ಮೊದ್ಲು ಹೆದರಿದ್ದೆ. ಕಟ್ಟೆ ಮ್ಯಾಲೆ ನಿನ್ನ ಮಾತು ನಾನೇ ಆಡಿ ತೋರಿಸ್ದೆ ನೋಡು, ಆ ಜೋಲಿ ಮಾತು. ಆಡ್ತಾ ಆಡ್ತಾ ನಂಗೇ ಅಳು ಬಂತು. ಬಾರಕ್ಕ, ಸಾಕು.”

ಅಳತೆಯ ದಿನ ನಾನು ಮೊದಲ ಬಸ್ಸಿಗೇ ಹೋದೆ. ಸರಪಳಿ ಎಳೆದರು, ಕಲ್ಲು ನೆಟ್ಟರು. ನೇತ್ರಾ ಫೋನಿನಲ್ಲಿ ಎಲ್ಲ ನೋಡಿದಳು, ತನ್ನ ಪಾಲಿನ ಕಲ್ಲಿಗೆ ಕುಂಕುಮ ಹಚ್ಚಿ ಎಂದು ಅಲ್ಲಿಂದಲೇ ಕೂಗಿದಳು. ಹುಣಸೇಮರದ ತುಂಡು ಯಾರಿಗೆ ಎಂದು ಕೇಳುವ ಮೊದಲೇ “ಅದು ಅಕ್ಕಂಗೆ” ಎಂದ ಓಬಳೇಶ. ನಾನು ನನ್ನ ಹೊಲದಲ್ಲಿ ಚಪ್ಪಲಿ ಬಿಟ್ಟು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನಡೆದೆ. ಮಣ್ಣು ಸುಡುತ್ತಿತ್ತು. ಸುಡಲಿ, ನನ್ನದು! ಸರ್ವೆಯವರ ಮುಂದೆಯೇ ಕೈ ತಟ್ಟಿ ನಕ್ಕೆ, ಹುಚ್ಚಿ ಎಂದುಕೊಂಡಿರಬೇಕು.

ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಾಗ ದೂರದಿಂದ ಅವ್ವ ಬರುವುದು ಕಂಡಿತು. ತೊಳೆದಿಟ್ಟ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಒಂದು ಚೀಲ ಹಿಡಿದಿದ್ದಳು. ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ನಮ್ಮ ಮುಂದೆ ಬಂದು ನಿಂತು, “ರಾಯದುರ್ಗದ ಬಸ್ಸಿಗೆ ಹೊತ್ತಾತು” ಎಂದಳು.

ರಾಯದುರ್ಗ ಆಂಧ್ರದ ಗಡಿಯಾಚೆಗಿದೆ, ಅವ್ವನ ತವರು. ಅಲ್ಲಿ ಅವಳ ತಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾನೆ.

“ಏನಾತವ್ವ, ಯಾರಿಗಾದ್ರೂ ಹುಷಾರಿಲ್ವಾ?” ಎಂದ ಓಬಳೇಶ.

“ಎಲ್ರೂ ಚೆನ್ನಾಗವ್ರೆ. ನಮ್ಮಪ್ಪಂಗೂ ಹೊಲ ಇತ್ತು. ನೀರಾವರಿ ಹೊಲ. ಒಂದು ಹಸಿರು ಸೀರೆ ಕೊಟ್ಟು ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡ್ರು.”

“ಅವ್ವಾ, ಒತ್ತಿದ್ದು ಒತ್ತಿದ್ದೇ. ಇಷ್ಟು ವರ್ಷ ಆದ ಮ್ಯಾಲೆ ಎಂಥ ವಕೀಲ ಬಂದ್ರೂ ಏನೂ ಆಗಾಕಿಲ್ಲ.”

“ಆಗದಿದ್ರೆ ಬ್ಯಾಡ ಬಿಡು. ಹೊಲ ತಗೊಂಡು ನಾನೇನು ಈಗ ಉಳ್ತೀನಾ? ಕೇಳಿದ್ರೆ ತವರು ಹೋಗ್ತೈತೆ ಅಂತ ಇಲ್ಲೀಗಂಟ ನಾನು ಒಂದು ಸಲನೂ ಕೇಳೇ ಇಲ್ಲ ಕಣೋ. ಒಂದ್ ಸಲ ಕೇಳಿ ಬರ್ತೀನಿ.”

ಓಬಳೇಶ ಟವೆಲ್ಲು ಕೊಡವಿಕೊಂಡು ಎದ್ದ. “ನಡಿಯವ್ವ, ನಾನೂ ಬರ್ತೀನಿ. ಅಲ್ಲಿ ನಿನ್ನ ಪರವಾಗಿ ಮಾತಾಡಾಕೆ ಒಬ್ರು ಬೇಕಲ್ಲ.”

ಅವ್ವ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಚೀಲ ತೆಗೆದು ನನ್ನ ಕೈಗೆ ಕೊಟ್ಟಳು.

“ನೀನು ಬ್ಯಾಡ. ನೀನು ಸೋತೋನು. ಗೌರಿ ಬರ್ಲಿ.”